ಮೂರನೇ ಸಲ ಕೇಳಿದ ಚಳಿಗಾಲ

ಕಳೆದ ಮಂಗಳವಾರ ಲಂಡನ್ನಿನ ನಮ್ಮ ಸಟನ್‌ನ ಚರ್ಚ್ ಹಾಲಿನ ಬೀಗ ತೆಗೆದು ಒಳಗೆ ಕಾಲಿಟ್ಟೆ. ನೆಲದ ಹಲಗೆಗೆ ಹಚ್ಚುವ ಮೇಣ, ಒದ್ದೆ ಕೋಟು, ಹಳೆಯ ಬಾಯ್ಲರ್, ಈ ವಾಸನೆಗಳಿಗೆ ನಾನು ಒಗ್ಗಿದ್ದೇನೆ. ಪ್ರತಿ ಮಂಗಳವಾರ ಹತ್ತು ಗಂಟೆಗೆ ಅಲ್ಲಿ ಹಿರಿಯರಿಗೆ ವ್ಯಾಯಾಮದ ಕ್ಲಾಸು ನಡೆಯುತ್ತದೆ. ಬೀಗದ ಕೈ ನನ್ನ ಹತ್ತಿರ ಇರುತ್ತದೆ. ಅವತ್ತು ಮಾತ್ರ ಇನ್ನೊಂದು ವಾಸನೆ ಸೇರಿಕೊಂಡಿತ್ತು. ಹಿಂದಿನ ದಿನ ಯಾರೋ ಅಲ್ಲಿನ ಅಡುಗೆಕೋಣೆಯಲ್ಲಿ ಒಣಮೆಣಸಿನಕಾಯಿಯನ್ನು ಬೆಣ್ಣೆಯಲ್ಲಿ ಹುರಿದಿರಬೇಕು. ಗಂಟಲು ಕೆರೆಯಿತು, ಕೆಮ್ಮಿದೆ. ಕೆಮ್ಮು ನಿಲ್ಲುವುದರೊಳಗೆ ಎರಡು ವರ್ಷದ ಹಿಂದಿನ ಚಳಿಗಾಲ ಪೂರ್ತಿ ಕಣ್ಣಮುಂದೆ ಬಂದು ನಿಂತಿತು. ಸಾಲಾಗಿ ಹಾಕಬೇಕಿದ್ದ ಕುರ್ಚಿಗಳಲ್ಲಿ ಒಂದನ್ನು ಎಳೆದುಕೊಂಡು ಕುಳಿತುಬಿಟ್ಟೆ. ಕೈಗೆತ್ತಿಕೊಂಡ ಕೆಲಸವನ್ನು ಅರ್ಧಕ್ಕೆ ಬಿಟ್ಟು ಕೂರುವುದು ನನ್ನ ಅಭ್ಯಾಸವಲ್ಲ.

ನಾನು ಧಾರವಾಡದವಳು. ಅಲ್ಲಿನ ಟ್ರೇನಿಂಗ್ ಕಾಲೇಜಿನ ಹಾಸ್ಟೆಲಿನಲ್ಲಿ ಐದಕ್ಕೆ ಗಂಟೆ ಹೊಡೆದರೆ ಐದೂಕಾಲಿಗೆ ಹಾಸಿಗೆ ಸುತ್ತಿಟ್ಟು, ಜಡೆ ಹೆಣೆದುಕೊಂಡು ಸಾಲಿನಲ್ಲಿ ನಿಂತಿರಬೇಕಿತ್ತು. ಆ ಗಂಟೆ ನನ್ನೊಳಗೆ ಈಗಲೂ ಹೊಡೆಯುತ್ತದೆ. ಗಣಿತ ಕಲಿಸಿ ನಿವೃತ್ತಳಾದೆ. ಯಜಮಾನರು ತೀರಿಕೊಂಡ ಮೇಲೆ ಮಗಳು ಸುನೀತಾ ನನ್ನನ್ನು ಲಂಡನ್ನಿಗೆ ಕರೆದುಕೊಂಡು ಬಂದಳು. ಅವಳು ಇಲ್ಲಿನ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್.

ಈ ಊರಲ್ಲಿ ನನಗೆ ಮೊದಲು ಹಿಡಿಸಿದ್ದು ಮಾತಿನ ಶಿಸ್ತು. ಧಾರವಾಡದಲ್ಲಿ ಯಾರ ಮನೆಗೆ ಹೋದರೂ ಹೊಟ್ಟೆ ತುಂಬಿದೆ ಎಂದು ಕೈ ಮುಗಿದರೂ ಬಿಡುವುದಿಲ್ಲ. ಎಲೆಗೆ ಕೈ ಅಡ್ಡ ಹಿಡಿದರೆ ಕೈ ಮೇಲೆಯೇ ಬಡಿಸುತ್ತಾರೆ. ಇಲ್ಲಿ ಚಹಾ ಬೇಕೇ ಎಂದು ಒಮ್ಮೆ ಕೇಳುತ್ತಾರೆ. ಬೇಡ ಎಂದರೆ ಕೆಟಲ್ ಆರಿಸುತ್ತಾರೆ. ಒಂದು ಪ್ರಶ್ನೆ, ಒಂದು ಉತ್ತರ. ತರಗತಿಯಲ್ಲಿ ನನ್ನ ಪದ್ಧತಿಯೂ ಅದೇ ಆಗಿತ್ತು. ಹಾಗಾಗಿ ಬಂದ ಆರು ತಿಂಗಳಲ್ಲೇ ಲಂಡನ್ ನನಗಾಗಿಯೇ ಕಟ್ಟಿದ ಊರು ಎಂದುಕೊಂಡಿದ್ದೆ. ಆ ಚಳಿಗಾಲದ ತಪ್ಪು ಹುಟ್ಟಿದ್ದು ಆ ನೆಮ್ಮದಿಯಿಂದಲೇ.

ಆ ವರ್ಷದ ಜನವರಿಯಲ್ಲಿ ನಮ್ಮ ಕನ್ನಡ ಕೂಟದ ಕಾರ್ಯದರ್ಶಿ ಶ್ರೀನಾಥ್ ಫೋನ್ ಮಾಡಿದ. ಬೆಂಗಳೂರಿನ ಹುಡುಗ, ಐಟಿ ಕೆಲಸ, ಲಂಡನ್ನಿನ ಇನ್ನೊಂದು ತುದಿಯ ಇಲ್ಫರ್ಡ್‌ನಲ್ಲಿ ಮನೆ. ಹುಡುಗ ಎಂದೆ, ವಯಸ್ಸು ನಲವತ್ತೆರಡು. ಹಿಂದಿನ ಶರತ್ಕಾಲದಲ್ಲಿ ಸಂಸಾರ ಸಮೇತ ಭೂತಾನಿಗೆ ಪ್ರವಾಸ ಹೋಗಿಬಂದಿದ್ದ. ಬಂದಾಗಿನಿಂದ ಅವನ ಬಾಯಲ್ಲಿ ಬೇರೆ ಮಾತಿಲ್ಲ.

"ಟೀಚರ್, ಈ ಸಲದ ವಸಂತದ ಕಾರ್ಯಕ್ರಮಕ್ಕೆ ‘ನೆರೆಯ ನಾಡಿನ ಸಂಜೆ’ ಅಂತ ಹೆಸರಿಡೋಣ. ಭಾರತ-ಭೂತಾನ್ ಸ್ನೇಹ. ಹೈಕಮಿಷನ್‌ನಿಂದ ಒಬ್ಬರು ಆಫೀಸರ್ ಬರ್ತೀನಿ ಅಂದಿದಾರೆ. ನಮ್ಮಲ್ಲಿ ಅಲ್ಲಿ ಇದ್ದು ಬಂದವರು ನೀವೊಬ್ರೇ. ಜವಾಬ್ದಾರಿ ನಿಮ್ಮದು."

ಅವನು ಹೇಳಿದ್ದು ನಿಜ. ಮದುವೆಗೆ ಮೊದಲು, ಇಪ್ಪತ್ತಾರರ ವಯಸ್ಸಿನಲ್ಲಿ, ನಾನು ಎರಡು ವರ್ಷ ಪೂರ್ವ ಭೂತಾನಿನ ಒಂದು ವಸತಿ ಶಾಲೆಯಲ್ಲಿ ಪಾಠ ಹೇಳಿದ್ದೆ. ಆ ಕಾಲದಲ್ಲಿ ನಮ್ಮ ಸರ್ಕಾರ ಅಲ್ಲಿಗೆ ಟೀಚರುಗಳನ್ನು ಕಳಿಸುತ್ತಿತ್ತು. ವೀಸಾ ಬೇಕಿರಲಿಲ್ಲ, ನಮ್ಮ ನೋಟು ಅಲ್ಲಿ ನಡೆಯುತ್ತಿತ್ತು. ನಾವು ಕಟ್ಟಿಕೊಟ್ಟ ರಸ್ತೆಯಲ್ಲಿ ಎರಡು ದಿನ ಬಸ್ಸಿನಲ್ಲಿ ವಾಂತಿ ಮಾಡಿಕೊಂಡು ಶಾಲೆ ಮುಟ್ಟಿದ್ದೆ. ಬೆಳಗಿನ ಪ್ರಾರ್ಥನೆಯಲ್ಲಿ ರಾಜರ ಭಾವಚಿತ್ರದ ಕೆಳಗೆ ಮಕ್ಕಳು ಸಾಲಾಗಿ ನಿಲ್ಲುತ್ತಿದ್ದರು. ಧಾರವಾಡದ ಹಾಸ್ಟೆಲಿನ ಸಾಲಿಗಿಂತ ನೇರವಾದ ಸಾಲನ್ನು ನಾನು ನೋಡಿದ್ದು ಅಲ್ಲೊಂದೇ ಕಡೆ.

ಜವಾಬ್ದಾರಿ ಒಪ್ಪಿಕೊಂಡೆ. ಮರುದಿನವೇ ಹೊಸ ನೋಟ್‌ಬುಕ್ ತೆಗೆದು ಪಟ್ಟಿ ಬರೆದೆ. ಎರಡು ದೇಶದ ಬಾವುಟಗಳನ್ನು ತರಿಸಿದಾಗ ಭೂತಾನಿನದು, ಡ್ರ್ಯಾಗನ್ ಇರುವ ಹಳದಿ-ಕೇಸರಿ ಬಾವುಟ, ನಮ್ಮದಕ್ಕಿಂತ ನಾಲ್ಕು ಇಂಚು ಚಿಕ್ಕದಾಗಿ ಬಂತು. ಟೇಪು ಹಿಡಿದು ಅಳೆದು ವಾಪಸ್ ಕಳಿಸಿ, ಸರಿಸಮನಾದದ್ದು ತರಿಸಿದೆ. ದೊಡ್ಡ ದೇಶದ ಪಕ್ಕ ಚಿಕ್ಕ ದೇಶವನ್ನು ಇಡುವಾಗ ಇಂಥದ್ದರಲ್ಲಿ ಎಡವಬಾರದು ಎಂದು ಶ್ರೀನಾಥನಿಗೆ ಉಪದೇಶವನ್ನೂ ಮಾಡಿದೆ. ಹನ್ನೆರಡು ನಿಮಿಷದ ಸ್ವಾಗತ ಭಾಷಣ ಸಿದ್ಧವಾಯಿತು. ಅದರಲ್ಲಿ ರಸ್ತೆ ಇತ್ತು, ವಿದ್ಯುತ್ತು ಇತ್ತು, ಶಾಲೆ, ಸ್ಕಾಲರ್‌ಶಿಪ್ಪು, ಎಲ್ಲ ಇತ್ತು.

ಭೂತಾನಿನವರು ಲಂಡನ್ನಿನಲ್ಲಿ ಬೆರಳೆಣಿಕೆಯಷ್ಟೇ. ಅವರಲ್ಲಿ ಒಬ್ಬಳು ಸುನೀತಾಳ ವಾರ್ಡಿನಲ್ಲೇ ನರ್ಸು. ಹೆಸರು ಡೆಕಿ. ಅವಳ ತಂದೆ ಸಂಗೇ ಆ ಚಳಿಗಾಲ ಮಗಳನ್ನು ನೋಡಲು ಬಂದಿದ್ದರು. ಮಾರ್ಚ್ ಕೊನೆಗೆ ಹಿಂದಿರುಗುವವರು. ಊರಲ್ಲಿ ಶಾಲಾ ಮಾಸ್ತರರಾಗಿದ್ದವರು. ಪಾಠಕ್ಕಿಂತ ಹೆಚ್ಚಾಗಿ ಅವರು ಹೆಸರು ಮಾಡಿದ್ದು ಕುಣಿತದಲ್ಲಿ. ಸಂಕ್ರಾಂತಿಯ ಊಟಕ್ಕೆ ಸುನೀತಾ ಇಬ್ಬರನ್ನೂ ಕರೆದಳು.

ಕಾರಿನ ಗಾಜಿನ ಮೇಲೆಲ್ಲ ಮಂಜು ಗಟ್ಟಿಯಾಗಿದ್ದ ದಿನ. ಬಾಗಿಲು ತೆರೆದರೆ ಅರವತ್ತಾರರ ಗುಂಡಗಿನ ಮನುಷ್ಯರೊಬ್ಬರು ಮೊಣಕಾಲುದ್ದದ ತಮ್ಮ ದೇಶದ ನಿಲುವಂಗಿ, ಅದರ ಕೆಳಗೆ ಉದ್ದ ಕಾಲುಚೀಲ, ಅದರ ಕೆಳಗೆ ಮಗಳು ಕೊಡಿಸಿದ ಬಿಳಿ ಟ್ರೇನರ್ ಶೂ ಹಾಕಿಕೊಂಡು ನಿಂತಿದ್ದರು. ನಾನು ‘ಕುಜುಜಾಂಗ್ಪೋ ಲಾ’ ಎಂದು ಅವರ ಭಾಷೆಯ ನಮಸ್ಕಾರ ಹೇಳಲು ಬಾಯಿ ತೆರೆದೆ. ಅವರು ಮುಂಚೆಯೇ ಹೇಳಿದರು:

"ಊಟ ಆಯ್ತಾ, ಮೇಡಂ?"

ಕನ್ನಡದಲ್ಲಿ! ನನ್ನ ಕೈಯಲ್ಲಿದ್ದ ಎಳ್ಳು-ಬೆಲ್ಲದ ಬಟ್ಟಲು ಓರೆಯಾಯಿತು.

ಹರೆಯದಲ್ಲಿ ಭಾರತ ಸರ್ಕಾರದ ಸ್ಕಾಲರ್‌ಶಿಪ್ ಪಡೆದು ಅವರು ಮೈಸೂರಿನಲ್ಲಿ ಎರಡು ವರ್ಷ ಟೀಚರ್ಸ್ ಟ್ರೇನಿಂಗ್ ಮಾಡಿದ್ದರಂತೆ. ಉಳಿದ ಕನ್ನಡ ಐವತ್ತು ಪದ ಇರಬಹುದು, ಅದರಲ್ಲಿ ಅರ್ಧ ತಿಂಡಿಯ ಹೆಸರು.

ಬಡಿಸಲು ಹೋದೆ. ಅವರು ಅಂಗೈಯನ್ನು ಬಾಯಿಗೆ ಅಡ್ಡ ಹಿಡಿದು ತಲೆ ಬಗ್ಗಿಸಿದರು. "ಮೇಶು, ಮೇಶು." ಬೇಡ, ಬೇಡ. ನಲವತ್ತೈದು ವರ್ಷದ ಹಿಂದಿನ ನೆನಪು ನನ್ನ ಕೈಗೆ ತಾನಾಗಿ ಬಂತು. ಅವರ ದೇಶದಲ್ಲಿ ಕೇಳಿದ ಕೂಡಲೇ ಹೂಂ ಅನ್ನುವುದು ಆಸೆಬುರುಕತನ. ಮೊದಲ ಸಲ ಬೇಡ ಅನ್ನಬೇಕು, ಎರಡನೇ ಸಲವೂ ಬೇಡ ಅನ್ನಬೇಕು. ಮೂರನೇ ಸಲ ಕೇಳಿದಾಗ ಬಾಯಿ ಮೇಲಿನ ಕೈ ಕೆಳಗಿಳಿಯುತ್ತದೆ. ಮೂರನೇ ಸಲಕ್ಕೆ ಕೈ ಇಳಿಯಿತು. ನಾಲ್ಕು ಶೇಂಗಾ ಹೋಳಿಗೆ ಹೋದವು.

"ಮೈಸೂರಲ್ಲಿ ಮೂರು ದಿನ ಉಪವಾಸ ಇದ್ದೆ ಮೇಡಂ," ಎಂದರು ಬೆರಳು ನೆಕ್ಕುತ್ತ. ಅರ್ಧ ಕನ್ನಡ, ಅರ್ಧ ಇಂಗ್ಲಿಷು. "ಮೆಸ್ ಭಟ್ಟರು ‘ಅನ್ನ ಬೇಕಾ?’ ಅಂತಾರೆ. ನಾನು ಬೇಡ ಅಂತೀನಿ. ಭಟ್ಟರು ಮುಂದೆ ಹೋಗ್ತಾರೆ! ನಾನು ನೋಡ್ತಾ ಇರ್ತೀನಿ, ಈಗ ತಿರುಗ್ತಾರೆ, ಈಗ ತಿರುಗ್ತಾರೆ... ತಿರುಗಲೇ ಇಲ್ಲ."

"ಆಮೇಲೆ?"

"ನಾಲ್ಕನೇ ದಿನ ಅವರು ‘ಅನ್ನ’ ಅಂದ್ರು. ‘ಬೇಕಾ’ ಅನ್ನೋದಕ್ಕೆ ಮುಂಚೆ ಬೇಕು ಅಂದ್ಬಿಟ್ಟೆ. ನಮ್ಮಮ್ಮ ಕೇಳಿದ್ರೆ ಹೊಡೀತಿದ್ರು."

ಮೇಜಿನ ಸುತ್ತ ಕುಳಿತಿದ್ದವರಲ್ಲಿ ಎಲ್ಲರಿಗಿಂತ ಹೆಚ್ಚು ನಕ್ಕವಳು ನಾನು. ಇದನ್ನು ಬರೆದಿಡಲೇಬೇಕು.

ಆ ಮಧ್ಯಾಹ್ನವೇ ನಾನು ನೋಟ್‌ಬುಕ್ ತೆಗೆದು, ನಮ್ಮ ಸಂಜೆಯಲ್ಲಿ ನಿಮ್ಮವರ ಒಂದು ಕುಣಿತ ಇರಬೇಕು ಎಂದೆ. ಸಂಗೇ ಅವರು ಮಗಳ ಮುಖ ನೋಡಿದರು. ಶ್ರೀನಾಥ ಕೂಟದ ಪರವಾಗಿ ಕ್ರಮಬದ್ಧವಾಗಿ ಇಮೇಲ್ ಕಳಿಸಲಿ, ಉತ್ತರ ಅದಕ್ಕೇ ಬರಲಿ ಎಂದು ಹೇಳಿದವಳೂ ನಾನೇ. ಇಮೇಲ್ ಹೋಯಿತು. ಫೆಬ್ರವರಿಯ ಮೊದಲ ವಾರ ಡೆಕಿ ತಂದೆಯ ಪರವಾಗಿ ಒಳ್ಳೆಯ ಇಂಗ್ಲಿಷಿನಲ್ಲಿ ಉತ್ತರ ಬರೆದಳು. ನಮ್ಮದು ತೀರ ಸಣ್ಣ ಗುಂಪು, ನಿಮ್ಮ ದೊಡ್ಡ ವೇದಿಕೆಗೆ ತಕ್ಕದ್ದಲ್ಲ. ದಯವಿಟ್ಟು ನಮಗಾಗಿ ತೊಂದರೆ ತೆಗೆದುಕೊಳ್ಳಬೇಡಿ. ಪ್ರೇಕ್ಷಕರಾಗಿ ಸಂತೋಷದಿಂದ ಬರುತ್ತೇವೆ.

ಶ್ರೀನಾಥ ಫೋನ್ ಮಾಡಿದ. "ಟೀಚರ್, ಭೂತಾನ್‌ನೋರು ಬೇಡ ಅಂದ್ರು. ಆ ಸ್ಲಾಟ್ ಇಲ್ಫರ್ಡ್ ಮಕ್ಕಳ ಸಿನಿಮಾ ಡಾನ್ಸ್‌ಗೆ ಕೊಟ್ಟುಬಿಡ್ಲಾ?"

"ಕೊಟ್ಟುಬಿಡು," ಎಂದೆ. ಕೆಂಪು ಪೆನ್ನಿನಿಂದ ಗೆರೆ ಎಳೆದೆ. ಒಂದು ಪ್ರಶ್ನೆ, ಒಂದು ಉತ್ತರ. ಇಮೇಲಿನಲ್ಲಿ ಬಾಯಿ ಮೇಲಿನ ಕೈ ಕಾಣುವುದಿಲ್ಲ ಎಂಬುದು ನನಗೆ ಹೊಳೆಯಲೇ ಇಲ್ಲ. ನೆರೆಯ ನಾಡಿನ ಸಂಜೆಯಲ್ಲಿ ನೆರೆಯವರೇ ಇಲ್ಲ ಎಂಬುದು ಕೂಟದ ಯಾರಿಗೂ ವಿಚಿತ್ರವಾಗಿ ತೋರಲಿಲ್ಲ. ಅವರ ಬಗ್ಗೆ ಹನ್ನೆರಡು ನಿಮಿಷ ಮಾತಾಡಲು ನಾನಿದ್ದೆನಲ್ಲ!

ಫೆಬ್ರವರಿ ಪೂರ್ತಿ ಮಳೆಯೂ ಅಲ್ಲದ, ಬಿಸಿಲೂ ಅಲ್ಲದ ಬೂದಿ ಬಣ್ಣದ ದಿನಗಳು. ನಾನು ಆಮಂತ್ರಣ ಅಚ್ಚು ಹಾಕಿಸಿದೆ. ಕುರ್ಚಿಗಳ ನಕ್ಷೆ ಬರೆದೆ. ಭಾಷಣವನ್ನು ಗಡಿಯಾರ ಇಟ್ಟುಕೊಂಡು ಓದಿ, ಹನ್ನೆರಡೂವರೆ ನಿಮಿಷ ಇದ್ದುದನ್ನು ಹನ್ನೆರಡಕ್ಕೆ ಇಳಿಸಿದೆ.

ಮಾರ್ಚ್ ಎರಡನೇ ವಾರ, ಶುಕ್ರವಾರ ನಾಲ್ಕು ಗಂಟೆಗೆ, ಡೆಕಿ ಬಾಗಿಲು ಬಡಿದಳು. ಸಂಕ್ರಾಂತಿಯಿಂದ ನಮ್ಮಿಬ್ಬರ ಮನೆಗಳ ನಡುವೆ ಒಂದು ಸ್ಟೀಲ್ ಡಬ್ಬಿ ಓಡಾಡುತ್ತಿತ್ತು. ಖಾಲಿ ಡಬ್ಬಿ ವಾಪಸ್ ಕೊಡಬಾರದೆಂಬುದು ಅವರಲ್ಲೂ ಇದೆ, ನಮ್ಮಲ್ಲೂ ಇದೆ. ಹಾಗಾಗಿ ಅದು ನಿಲ್ಲುವಂತಿರಲಿಲ್ಲ. ಅವತ್ತು ಡಬ್ಬಿಯ ತುಂಬ ಅವರೂರಿನ ಕೆಂಪು ಒಣಮೆಣಸಿನಕಾಯಿ ಇತ್ತು. ನಾವು ಹಿಂದಿಯಲ್ಲಿ ಮಾತಾಡುತ್ತಿದ್ದೆವು. ಅವಳ ಹಿಂದಿ ಸಿನಿಮಾದಿಂದ ಬಂದದ್ದು, ನನ್ನದು ಪರೀಕ್ಷೆಯಿಂದ.

"ಚಹಾ ಕುಡಿಯುತ್ತೀಯೇನಮ್ಮ?"

"ಬೇಡ ಆಂಟಿ." ಬಾಯಿ ಮೇಲೆ ಕೈ.

"ಸರಿ," ಎಂದು ಡಬ್ಬಿ ತೆಗೆದುಕೊಂಡು ಒಳಗೆ ಹೊರಟೆ. ಮಹಡಿ ಮೆಟ್ಟಿಲ ಮೇಲಿಂದ ಸುನೀತಾ ಕೂಗಿದಳು:

"ಅವ್ವಾ! ಒಂದ ಸಲ ಕೇಳಿ ಬಿಟ್ಟಿ ಏನು? ಆಕಿ ಮುಂಜಾನಿಂದ ವಾರ್ಡಿನ್ಯಾಗ ನಿಂತಾಳ. ಮತ್ತೊಮ್ಮೆ ಕೇಳ!"

ಕೇಳಿದೆ. ಬೇಡ ಎಂದಳು. ಮತ್ತೆ ಕೇಳಿದೆ. ಕೈ ಇಳಿಯಿತು. ಎರಡು ಕಪ್ಪು ಕುಡಿದಳು. ಅವಳು ಎರಡನೇ ಕಪ್ಪಿಗೆ ಸಕ್ಕರೆ ಕದಡುತ್ತಿದ್ದಾಗ ನನಗೆ ಫೆಬ್ರವರಿಯ ಉತ್ತರ ನೆನಪಾಯಿತು.

"ಡೆಕಿ, ಆ ಇಮೇಲು... ನಿಮ್ಮಪ್ಪನಿಗೆ ನಿಜವಾಗಿಯೂ ಕುಣಿಯುವುದು ಬೇಡವಾಗಿತ್ತೇನು?"

ಅವಳು ಚಮಚ ಕೆಳಗಿಟ್ಟಳು.

"ಅಪ್ಪ ಈಗಲೂ ಅಭ್ಯಾಸ ಮಾಡುತ್ತಿದ್ದಾರೆ ಆಂಟಿ. ದಿನಾ ಬೆಳಿಗ್ಗೆ ನಮ್ಮ ಫ್ಲಾಟಿನ ಹಿಂದಿನ ಕಾರ್ ಪಾರ್ಕಿನಲ್ಲಿ. ನಿಮ್ಮ ಮೇಡಂ ನಮ್ಮ ದೇಶದಲ್ಲಿ ಇದ್ದವರು, ಮತ್ತೆ ಕೇಳುತ್ತಾರೆ ನೋಡು ಅಂತಾರೆ. ಕಾರ್ಯಕ್ರಮದ ಪಟ್ಟಿ ವಾಟ್ಸಾಪಿನಲ್ಲಿ ಬಂತಲ್ಲ, ನಾನು ಅವರಿಗೆ ತೋರಿಸಿಲ್ಲ."

"ನನಗೊಂದು ಮಾತು ಹೇಳಬಾರದಾಗಿತ್ತೇನೇ?"

"ಅಪ್ಪ ಹೇಳಬೇಡ ಅಂದರು. ನಾವೇ ಬಾಯಿಬಿಟ್ಟು ಪಡೆದರೆ ಅದು ಆಮಂತ್ರಣ ಹೇಗಾಗುತ್ತದೆ ಅಂತ."

ಆಮೇಲೆ ಉಳಿದದ್ದನ್ನೂ ಹೇಳಿದಳು. ಮೈಸೂರಿನಲ್ಲಿ ಹಾಸ್ಟೆಲ್ ಡೇಗೆ ಮುಂಚೆ ವಾರ್ಡನ್ ಸಂಗೇ ಅವರನ್ನು ಕರೆದು, ನಿಮ್ಮ ದೇಶದ ಕುಣಿತ ತೋರಿಸುತ್ತೀಯಾ ಎಂದು ಕೇಳಿದ್ದರಂತೆ. ನನಗೆ ಬರುವುದಿಲ್ಲ ಸರ್ ಎಂದು ಇವರು ತಲೆ ಬಗ್ಗಿಸಿದ್ದಾರೆ. ಆಗಲಿ ಎಂದು ವಾರ್ಡನ್ ಪಟ್ಟಿಯಿಂದ ಹೆಸರು ತೆಗೆದಿದ್ದಾರೆ. ಇಪ್ಪತ್ತರ ಹುಡುಗ ನಿಲುವಂಗಿಗೆ ಇಸ್ತ್ರಿ ಹಾಕಿಸಿಕೊಂಡು, ಕೊನೆಯ ಗಳಿಗೆಯವರೆಗೂ ಹೆಸರು ಕರೆಯುತ್ತಾರೆಂದು ರಂಗದ ಪಕ್ಕದಲ್ಲೇ ನಿಂತಿದ್ದನಂತೆ. ಅನ್ನದ ಕಥೆ ಅವರು ಎಲ್ಲರಿಗೂ ಹೇಳುತ್ತಾರೆ, ಇದನ್ನು ಯಾರಿಗೂ ಹೇಳುವುದಿಲ್ಲ. ಈಗ ಮಂಡಿ ಸವೆದಿದೆ, ಇದೇ ಕೊನೆ ಎಂದು ಅಲ್ಲಿನ ಡಾಕ್ಟರು ಹೇಳಿದ್ದಾರೆ. ನಮ್ಮ ಸಂಜೆ ಕಳೆದ ನಾಲ್ಕನೇ ದಿನ ಅವರ ವಿಮಾನ.

ಅಷ್ಟು ಹೇಳಿ ಡೆಕಿ ಕಪ್ಪು ತೊಳೆದಿಟ್ಟು ಹೋದಳು. ನಾನು ನೋಟ್‌ಬುಕ್ ತೆಗೆದು ಆ ಕೆಂಪು ಗೆರೆ ನೋಡಿದೆ. ಸ್ಕೇಲು ಇಟ್ಟು ಎಳೆದಿದ್ದೆ, ಎಷ್ಟು ನೇರವಾಗಿತ್ತು! ಬಾವುಟವನ್ನು ಇಂಚಿನ ಲೆಕ್ಕದಲ್ಲಿ ಅಳೆದವಳಿಗೆ ಇದು ತಿಳಿಯಲಿಲ್ಲ. ಅಲ್ಲಿನ ಶಾಲೆಯಲ್ಲಿ ಮೊದಲ ವಾರ ಮಕ್ಕಳಿಗೆ ಪೆಪ್ಪರಮಿಂಟು ಕೊಡಲು ಹೋದಾಗ ಮೂವತ್ತು ಕೈಗಳು ಒಟ್ಟಿಗೆ ಮೂವತ್ತು ಬಾಯಿ ಮುಚ್ಚಿದ್ದವು. ಹೆಡ್‌ಮಾಸ್ತರರ ಹೆಂಡತಿ ನನ್ನನ್ನು ಪಕ್ಕಕ್ಕೆ ಕರೆದು ಮೂರು ಬೆರಳು ತೋರಿಸಿದ್ದರು. ನನಗೆ ಗೊತ್ತಿತ್ತು. ಗೊತ್ತಿದ್ದೂ ಮರೆತದ್ದು.

ಭಾನುವಾರ ಬೆಳಿಗ್ಗೆ ಸಟನ್‌ನಿಂದ ಫ್ಯಾರಿಂಗ್ಡನ್‌ಗೆ ರೈಲು, ಅಲ್ಲಿಂದ ಎಲಿಜಬೆತ್ ಲೈನ್ ಹಿಡಿದು ಇಲ್ಫರ್ಡ್‌ಗೆ ಹೋದೆ. ಫೋನಿನಲ್ಲಿ ಮುಗಿಯುವ ಮಾತಲ್ಲ ಎಂಬಷ್ಟು ಬುದ್ಧಿ ಆಗ ಬಂದಿತ್ತು. ಶ್ರೀನಾಥ ಪೈಜಾಮದಲ್ಲೇ ಬಾಗಿಲು ತೆರೆದ.

"ಟೀಚರ್! ಏನಾಯ್ತು? ಬನ್ನಿ, ಕೂತ್ಕೊಳ್ಳಿ."

ಹೇಳಿದೆ. ಅವನು ಫೋನ್ ತೆಗೆದು ಇಮೇಲ್ ತೋರಿಸಿದ. "ನೋಡಿ, ಅವರೇ ಬೇಡ ಅಂದಿದ್ದಾರೆ. ರೈಟಿಂಗಲ್ಲಿದೆ."

"ನಾವು ಒಂದೇ ಸಲ ಕೇಳೀವಿ."

"ಎಷ್ಟು ಸಲ ಕೇಳ್ಬೇಕು ಟೀಚರ್? ಬೇಡ ಅಂದ್ರೆ ಬೇಡ ಅಂತ ನನ್ನ ಮಗಳಿಗೆ ದಿನಾ ಹೇಳಿಕೊಡ್ತೀನಿ. ಒತ್ತಾಯ ಮಾಡೋದು ತಪ್ಪಲ್ವಾ? ಅದೂ ನಾವು ದೊಡ್ಡ ದೇಶದೋರು, ಅವರು ಸಣ್ಣ ದೇಶದೋರು."

ಅವನ ಮಾತಿನಲ್ಲಿ ಹುರುಳಿತ್ತು. ಸ್ವಲ್ಪ ಯೋಚಿಸಿ ಹೇಳಿದೆ: "ನೋಡಪಾ, ಒತ್ತಾಯ ಬ್ಯಾರೆ, ಕೇಳೋದು ಬ್ಯಾರೆ. ಮೂರು ಸಲ ಕೇಳಿ ಸುಮ್ಮನಾಗೋಣ. ನಾಲ್ಕನೇ ಸಲ ಕೇಳಿದ್ರ ನೀನ ನನ್ನ ಬಾಯಿ ಮುಚ್ಚು."

ಅವನು ನಕ್ಕ. ಮರುಕ್ಷಣ ಮುಖ ಸಪ್ಪಗಾಯಿತು. "ಆದ್ರೆ ಟೈಮ್ ಎಲ್ಲಿದೆ? ಎಂಟಕ್ಕೆ ಹಾಲ್ ಖಾಲಿ ಮಾಡ್ಬೇಕು. ಮಕ್ಕಳ ಡಾನ್ಸ್ ತೆಗೆದ್ರೆ ಅಪ್ಪ-ಅಮ್ಮಂದಿರು ನನ್ನ ಬಿಡಲ್ಲ. ಆಫೀಸರ್ ಭಾಷಣ ತೆಗೆಯೋ ಹಾಗಿಲ್ಲ."

"ನನ್ನ ಭಾಷಣ ತೆಗಿ."

"ಪೂರ್ತಿನಾ?"

"ಹನ್ನೆರಡು ನಿಮಿಷ ಅದ. ಪೂರ್ತಿ ತೆಗಿ."

ಬರುವಾಗ ರೈಲಿನಲ್ಲಿ ಆ ಭಾಷಣವನ್ನು ಇನ್ನೊಮ್ಮೆ ಓದಿದೆ. ನಾವು ಅವರಿಗೆ ಕೊಟ್ಟದ್ದರ ಪಟ್ಟಿ ಅದು. ಒಂದನ್ನೂ ಬಿಟ್ಟಿರಲಿಲ್ಲ. ಅವರು ನಮಗೆ ಕೊಟ್ಟದ್ದು ಒಂದು ಸಾಲಿನಷ್ಟೂ ಇರಲಿಲ್ಲ. ಮಡಚಿ ಚೀಲಕ್ಕೆ ಹಾಕಿದೆ. ದುಃಖವೇನೂ ಆಗಲಿಲ್ಲ.

ಮರುದಿನ ಬೆಳಿಗ್ಗೆ ಏಳಕ್ಕೆ ಡೆಕಿಯ ಫ್ಲಾಟಿನ ಹಿಂದೆ ಹೋಗಿ ನಿಂತೆ. ಡ್ಯಾಫಡಿಲ್ ಹೂ ಅರಳಿತ್ತು, ಉಸಿರು ಇನ್ನೂ ಹೊಗೆಯಾಗುತ್ತಿತ್ತು. ಒಂದು ಬಿಳಿ ವ್ಯಾನಿನ ಮತ್ತು ಒಂದು ನೀಲಿ ಕಾರಿನ ನಡುವಿನ ಖಾಲಿ ಜಾಗದಲ್ಲಿ ಸಂಗೇ ಅವರು ಮೆಲ್ಲಗೆ ಹಾಡಿಕೊಂಡು ಕುಣಿಯುತ್ತಿದ್ದರು. ಕುಣಿತ ಎಂದರೆ ಜಿಗಿತವಲ್ಲ. ಒಂದು ಹೆಜ್ಜೆಗೆ ಒಂದು ಉಸಿರು, ಕೈ ಮೇಲೇಳಲು ಇನ್ನೊಂದು ಉಸಿರು. ಎಡಗಾಲಿನ ಮೇಲೆ ತಿರುಗುವಾಗ ಮುಖ ಗಂಟಿಕ್ಕುತ್ತಿತ್ತು. ನನ್ನನ್ನು ಕಂಡು ನಿಂತರು.

"ಸಂಗೇ ಅವರೇ, ನಮ್ಮ ಸಂಜೆಯಲ್ಲಿ ನಿಮ್ಮ ಕುಣಿತ ಬೇಕು."

ಕೈ ಬಾಯಿಗೆ ಹೋಯಿತು. "ಬೇಡ ಮೇಡಂ. ಮಂಡಿ ಹೋಗಿದೆ. ನಾನು ಏನು ಕುಣೀತೀನಿ."

ಇಮೇಲಿನದು ಒಂದು, ಇದು ಎರಡು. ಒಂದು ಕಾರು ಹಿಂದಕ್ಕೆ ಬಂದು ತಿರುಗಿಕೊಂಡು ಹೋಗುವವರೆಗೆ ಇಬ್ಬರೂ ಪಕ್ಕಕ್ಕೆ ಸರಿದು ನಿಂತೆವು.

"ಮೈಸೂರಿನ ವಾರ್ಡನ್ ಪರವಾಗಿ ಕೇಳುತ್ತಿದ್ದೇನೆ," ಎಂದೆ. "ಕುಣಿಯಬೇಕು."

ಕೈ ನಿಧಾನವಾಗಿ ಇಳಿಯಿತು. ಕೆಳಗಿದ್ದ ಬಾಯಿ ನಗುತ್ತಿತ್ತು.

"ವಾರ್ಡನ್ ತುಂಬಾ ಲೇಟು, ಮೇಡಂ."

ಮುಂದಿನ ಎರಡು ವಾರ ಓಡಾಟವೋ ಓಡಾಟ. ಅವರ ಗುಂಪಿನಲ್ಲಿ ಡೆಕಿಯೂ ಸೇರಿ ಐದು ಜನ. ಒಬ್ಬಾತ ಪಾರ್ಕ್ ರಾಯಲ್‌ನ ಬ್ರೆಡ್ ಕಾರ್ಖಾನೆಯಿಂದ ಮೈಯೆಲ್ಲ ಹಿಟ್ಟಿನ ವಾಸನೆ ಹೊತ್ತು ಅಭ್ಯಾಸಕ್ಕೆ ಬರುತ್ತಿದ್ದ. ಸುನೀತಾ ಸಂಗೇ ಅವರ ಮಂಡಿಯನ್ನು ತಾನೇ ವಹಿಸಿಕೊಂಡಳು. ಎಂಟು ನಿಮಿಷಕ್ಕಿಂತ ಒಂದು ಸೆಕೆಂಡು ಹೆಚ್ಚು ಕುಣಿದರೆ ರಂಗದ ಮೇಲೆ ಬಂದು ಎಳೆದುಕೊಂಡು ಹೋಗುತ್ತೇನೆ ಎಂದು ಹೆದರಿಸಿದಳು.

ನಡುವೆ ಶ್ರೀನಾಥನಿಗೆ ಹೊಸ ಉತ್ಸಾಹ ಹತ್ತಿತು. ಕೊನೆಯಲ್ಲಿ ಎರಡೂ ದೇಶದವರು ಸೇರಿ ಒಂದು ಹಿಂದಿ ಸಿನಿಮಾ ಹಾಡಿಗೆ ಕುಣಿದರೆ ಚೆನ್ನಲ್ಲವೇ ಎಂದ. ಕೇಳಿದ. ಸಂಗೇ ಅವರು, "ಅದು ಬೇಡ," ಎಂದರು. ಕಲಿತ ಪಾಠದಂತೆ ಎರಡನೇ ಸಲ ಕೇಳಿದ, ಮೂರನೇ ಸಲ ಕೇಳಿದ. ಬೇಡ, ಬೇಡ. ನಾನು ಅವರ ಕೈಗಳನ್ನೇ ನೋಡುತ್ತಿದ್ದೆ. ಎರಡೂ ಕೈ ಮೂರು ಸಲವೂ ಪಕ್ಕದಲ್ಲೇ ಇದ್ದವು, ಬಾಯಿಯ ಹತ್ತಿರ ಬರಲೇ ಇಲ್ಲ. ಬಾಯಿ ಮುಚ್ಚಿ ಹೇಳುವ ಬೇಡ ಒಂದು, ಬಾಯಿ ಬಿಟ್ಟು ಹೇಳುವ ಬೇಡ ಇನ್ನೊಂದು. ಆ ಸಣ್ಣ ದೇಶ ಇಷ್ಟು ದೊಡ್ಡ ನೆರೆಯವರ ಪಕ್ಕದಲ್ಲಿದ್ದೂ ತನ್ನ ರಾಜನನ್ನು, ತನ್ನ ಉಡುಪನ್ನು, ತನ್ನ ಹಾಡನ್ನು ಉಳಿಸಿಕೊಂಡದ್ದು ಆ ಎರಡನೆಯದರಿಂದ. ನಾನು ಶ್ರೀನಾಥನ ತೋಳು ಹಿಡಿದೆ. "ಮುಗೀತು. ಇನ್ನ ಕೇಳಬ್ಯಾಡ," ಎಂದೆ. ಅವನು ನನ್ನ ಮಾತು ನನಗೇ ತಿರುಗಿಸಿದ: "ನಾಲ್ಕನೇ ಸಲ ಕೇಳಿದ್ರೆ ಬಾಯಿ ಮುಚ್ಚಿಸ್ತೀರಾ ಟೀಚರ್?"

ಗಡಿಯಾರ ಒಂದು ತಾಸು ಮುಂದಕ್ಕೆ ಹೋಗುವ ಹಿಂದಿನ ದಿನ, ಶನಿವಾರ, ಸಟನ್‌ನ ಇದೇ ಹಾಲಿನಲ್ಲಿ ಕಾರ್ಯಕ್ರಮ. ಬಾವುಟಗಳು ಸರಿಸಮವಾಗಿದ್ದವು. ಅಧಿಕಾರಿ ಹೇಳಿದ ಹೊತ್ತಿಗೆ ಬಂದು ಮುಂದಿನ ಸಾಲಿನಲ್ಲಿ ಕುಳಿತರು. ಸ್ವಾಗತವನ್ನು ನಾನು ಎರಡು ವಾಕ್ಯದಲ್ಲಿ ಮುಗಿಸಿದಾಗ ಕೂಟದವರು ಮುಖಮುಖ ನೋಡಿಕೊಂಡರು. ಮಕ್ಕಳ ಸಿನಿಮಾ ಡಾನ್ಸಿಗೆ ಹಾಲಿನ ಸೂರು ಹಾರಿಹೋಗುವಷ್ಟು ಚಪ್ಪಾಳೆ ಬಿತ್ತು.

ಅದರ ಹಿಂದೆಯೇ ಈ ಐದು ಜನ ಮತ್ತು ಸಂಗೇ ಅವರು. ಎಡಭುಜದಿಂದ ಇಳಿಬಿಟ್ಟ ಬಿಳಿ ಶಾಲು, ಇಸ್ತ್ರಿಯ ಗೆರೆ ಎದ್ದು ಕಾಣುವ ನಿಲುವಂಗಿ. ವಾದ್ಯ ಇಲ್ಲ, ಬರೀ ಕಂಠ. ಹಾಡು ಏರಲು ಒಂದು ನಿಮಿಷ, ಹೆಜ್ಜೆ ಏಳಲು ಇನ್ನೊಂದು. ಮೊದಲು ಕುರ್ಚಿಗಳು ಕಿರುಗುಟ್ಟಿದವು. ನನ್ನ ಹಿಂದೆ ಒಂದು ಮಗು, "ಹ್ಯಾವ್ ದೇ ಸ್ಟಾರ್ಟೆಡ್?" ಎಂದು ಅಮ್ಮನನ್ನು ಕೇಳಿತು. ಎರಡು-ಮೂರು ಫೋನು ಬೆಳಗಿದವು. ಇನ್ನೊಮ್ಮೆ ಇವರಿಗೆ ಅವಮಾನ ಮಾಡಿಸಿದೆನೇ ಎಂದುಕೊಂಡೆ.

ಎಡಗಾಲಿನ ತಿರುವು ಬಂತು. ಮಂಡಿ ಕುಸಿಯಿತು. ಸುನೀತಾ ನನ್ನ ಮಣಿಕಟ್ಟು ಹಿಡಿದಳು. ಅವರು ಅಷ್ಟು ಬಗ್ಗಿದಲ್ಲೇ ನಿಂತು, ಹಾಡಿನ ಉಸಿರನ್ನು ಮಾತ್ರ ಬಿಡದೆ ಎಳೆದರು. ಎಷ್ಟು ಉದ್ದ ಎಳೆದರೆಂದರೆ ಹಾಲಿನಲ್ಲಿ ಯಾರೂ ಉಸಿರಾಡಲಿಲ್ಲ. ಆಮೇಲೆ, ಆ ಉಸಿರನ್ನೇ ಊರುಗೋಲು ಮಾಡಿಕೊಂಡವರಂತೆ ಎದ್ದು, ತಿರುವನ್ನು ಮುಗಿಸಿದರು. ಫೋನುಗಳು ಆರಿದ್ದು ನನಗೆ ತಿಳಿಯಲೇ ಇಲ್ಲ. ಹಾಡು ನಿಂತಿತು. ಆಮೇಲೆ ಅಧಿಕಾರಿ ಎದ್ದು ನಿಂತರು, ಅವರ ಹಿಂದೆ ಎಲ್ಲರೂ ಎದ್ದರು.

"ಏಳು ನಿಮಿಷ ಐವತ್ತು ಸೆಕೆಂಡು," ಎಂದಳು ಸುನೀತಾ, ಕಣ್ಣೊರೆಸಿಕೊಳ್ಳುತ್ತ. ನನ್ನ ಮಗಳೇ ಸರಿ.

ಸಂಗೇ ಅವರು ಮೈಕ್ ತೆಗೆದುಕೊಂಡರು. "ಎಲ್ಲರದೂ ಊಟ ಆಯ್ತಾ?" ಎಂದರು. ಇಡೀ ಹಾಲು ನಕ್ಕಿತು. ನಮ್ಮಲ್ಲಿ ಕೊನೆಗೆ ಎಲ್ಲರೂ ಕೈ ಹಿಡಿದು ಸುತ್ತು ಕುಣಿಯುತ್ತೇವೆ, ಅದಿಲ್ಲದೆ ಮನೆಗೆ ಹೋಗುವಂತಿಲ್ಲ ಎಂದು ಹೇಳಿ ಕೆಳಗಿಳಿದು ಬಂದರು. ಅಧಿಕಾರಿ ಹೋದರು, ಶ್ರೀನಾಥ ಹೋದ, ಬ್ರೆಡ್ ಕಾರ್ಖಾನೆಯ ಹುಡುಗನ ಕೈ ಹಿಡಿದು ಇಲ್ಫರ್ಡಿನ ಮಕ್ಕಳು ಹೋದರು. ಸಂಗೇ ಅವರು ನನ್ನ ಮುಂದೆ ಬಂದು ಕೈ ಚಾಚಿದರು.

"ಬನ್ನಿ ಮೇಡಂ."

"ನನಗೆ ಕುಣಿಯಲು ಬರುವುದಿಲ್ಲ," ಎಂದೆ. "ಕುರ್ಚಿ ಎತ್ತಿಡಬೇಕು. ಎಂಟಕ್ಕೆ ಬೀಗ ಹಾಕಬೇಕು."

"ಬನ್ನಿ ಮೇಡಂ."

"ಬೇಡ, ಈ ವಯಸ್ಸಿನಲ್ಲಿ..."

ಆಗ ಗಮನಿಸಿದೆ. ನನ್ನ ಬಲಗೈ ನನ್ನ ಬಾಯಿಯ ಮೇಲಿತ್ತು. ಅವರೂ ಅದನ್ನೇ ನೋಡುತ್ತಿದ್ದರು. ಮೂರನೇ ಸಲ ಕೇಳಿದರು.

ಬೀಗ ಹಾಕಿದ್ದು ಎಂಟು ಗಂಟೆ ಏಳು ನಿಮಿಷಕ್ಕೆ. ಯಾರಿಗೂ ಏನೂ ಆಗಲಿಲ್ಲ. ಮನೆಗೆ ನಡೆದು ಬರುವಾಗ ಹೆಗಲಿನ ಮೇಲಿನ ಯಾವುದೋ ಭಾರ ಇಳಿಸಿ ಬಂದಂತೆ ಕಾಲು ಹಗುರವಾಗಿದ್ದವು. ಸಂಗೇ ಅವರು ನಾಲ್ಕನೇ ದಿನ ಊರಿಗೆ ಹೋದರು. ಈಗ ಕುಣಿಯುವುದಿಲ್ಲ, ಕಲಿಸುತ್ತಾರೆ. ತಿಂಗಳಿಗೊಮ್ಮೆ ಫೋನ್ ಮಾಡಿ ಊಟ ಆಯ್ತಾ ಎನ್ನುತ್ತಾರೆ.

ಕಳೆದ ಮಂಗಳವಾರ ಇಷ್ಟೆಲ್ಲ ನೆನೆಯುತ್ತ ಕುಳಿತಿದ್ದಾಗಲೇ ಶ್ರೀನಾಥನ ಫೋನು ಬಂತು.

"ಟೀಚರ್, ಈ ವರ್ಷದ ಸಂಜೆಗೆ ಡೆಕಿ ಗುಂಪು ಬೇಡ ಅಂತಿದೆ."

"ಎಷ್ಟು ಸಲ ಕೇಳಿದಿ?"

"ಎರಡು."

"ಬಾಯಿ ಮ್ಯಾಲ ಕೈ ಇತ್ತೋ ಇಲ್ಲೋ?"

"ಫೋನಲ್ಲಿ ಹೇಗೆ ಗೊತ್ತಾಗುತ್ತೆ ಟೀಚರ್?"

ಎದ್ದು ಬಾಗಿಲ ಪಕ್ಕದ ಗೋಡೆಗೆ ತೂಗುಹಾಕಿದ ಹಾಲಿನ ಬುಕಿಂಗ್ ಹಾಳೆ ನೋಡಿದೆ. ಹಿಂದಿನ ದಿನ, ಸೋಮವಾರ, ಸಂಜೆ ಆರರಿಂದ ಏಳು. ಹೆಸರು ಡೆಕಿ. ಕಾರಣದ ಜಾಗದಲ್ಲಿ ಡ್ಯಾನ್ಸ್ ಪ್ರಾಕ್ಟೀಸ್ ಎಂದಿತ್ತು. ಅಡುಗೆಕೋಣೆಯಿಂದ ಮೆಣಸಿನಕಾಯಿಯ ವಾಸನೆ ಇನ್ನೊಮ್ಮೆ ಮೂಗಿಗೆ ಬಡಿಯಿತು.

"ಟೀಚರ್? ಇದೀರಾ? ಏನು ಮಾಡ್ಲಿ?"

"ಎದ್ದು ಆಕಿ ಮನಿಗೆ ಹೋಗಿ, ಇನ್ನೊಂದ ಸಲ ಕೇಳಪಾ," ಎಂದು ಹೇಳಿ, ಕುರ್ಚಿ ಹಾಕತೊಡಗಿದೆ. ಹತ್ತಕ್ಕೆ ಐದು ನಿಮಿಷ ಇತ್ತು.